ಒಂದು ಒಬ್ಬೆಗೆ ಎಷ್ಟು?

ಭಾನುವಾರ ಬೆಳಗಿನ ಎಂಟೂವರೆ. ಬಡಾವಣೆಯ ದರ್ಶಿನಿಯಲ್ಲಿ ಟೋಕನ್ ಹಿಡಿದು ನಿಂತವರ ಸಾಲು ಫುಟ್‌ಪಾತಿನವರೆಗೂ ಬಂದಿದೆ. ಕಾವಲಿಯ ಮುಂದಿರುವ ಭಟ್ಟರು ನೀರು ಚಿಮುಕಿಸಿ, ಪೊರಕೆಯಲ್ಲಿ ಒಮ್ಮೆ ಗುಡಿಸಿ, ಹನ್ನೆರಡು ಕಡೆ ಹಿಟ್ಟು ಹುಯ್ದು, ಅದೇ ಬೀಸಿನಲ್ಲಿ ಹನ್ನೆರಡನ್ನೂ ತಿರುವಿ ಹರಡುತ್ತಾರೆ. ಎಣ್ಣೆ, ಕೆಂಪು ಚಟ್ನಿ, ಪಲ್ಯ. ಅಷ್ಟರಲ್ಲಿ ಯಾರೋ ಈರುಳ್ಳಿ ದೋಸೆಯ ಟೋಕನ್ ಚಾಚುತ್ತಾರೆ. ಭಟ್ಟರು ತಲೆ ಎತ್ತದೆಯೇ ಹೇಳುತ್ತಾರೆ: “ಐದು ನಿಮಿಷ ಸಾರ್, ಇದು ಮಸಾಲೆ. ಮುಂದಿನ ಸಲಕ್ಕೆ ಹಾಕ್ತೀನಿ.”

ಪಕ್ಕದಲ್ಲಿ ಇಡ್ಲಿ ಪೆಟ್ಟಿಗೆಯ ಬಾಗಿಲು ತೆರೆಯುತ್ತದೆ. ಹಬೆ ಚಾವಣಿಗೆ ಹೊಡೆಯುವಷ್ಟರಲ್ಲಿ ತಟ್ಟೆಗಳೆಲ್ಲ ಖಾಲಿ. ಸಾಲಿನ ಕೊನೆಯವರಿಗೆ ಸಿಗುವುದು ಒಂದೇ ಮಾತು: “ಇನ್ನೊಂದು ಒಬ್ಬೆ ಇಳೀಬೇಕು.” ಅತ್ತ ಕಾಫಿ ಕೌಂಟರಿನಲ್ಲಿ ಹಾಲಿನ ಪ್ಯಾಕೆಟ್ಟುಗಳನ್ನು ಕತ್ತರಿಸಿ ಪಾತ್ರೆಗೆ ಸುರಿಯುತ್ತಿದ್ದಾರೆ. ಆ ಹಾಲು ಡೇರಿಯಲ್ಲಿ ಕಾಯುವಾಗ ಎಲ್ಲಿಯೂ ನಿಂತದ್ದಲ್ಲ. ಕೊಳವೆಯಲ್ಲಿ ಹರಿಯುತ್ತಲೇ 72 ಡಿಗ್ರಿ ಸೆಲ್ಸಿಯಸ್‌ಗೆ ಕಾದು, 15 ಸೆಕೆಂಡು ಆ ಬಿಸಿಯಲ್ಲೇ ಸಾಗಿ, ಹರಿಯುತ್ತಲೇ ತಣ್ಣಗಾಗಿ ಪ್ಯಾಕೆಟ್ ಸೇರಿದ್ದು.

ಒಂದು ತಿಂಡಿಯ ಹೊತ್ತಿನಲ್ಲಿ ಮೂರು ಬಗೆಯ ಕಾರ್ಖಾನೆಗಳನ್ನು ನೋಡಿದಂತಾಯಿತು. ಈರುಳ್ಳಿ ದೋಸೆಯ ಗಿರಾಕಿ ಬಯಸಿದ ಹಾಗೆ ಕೇಳಿದವರಿಗೆ ಕೇಳಿದ್ದನ್ನು ಮಾಡಿಕೊಡುವುದು ಒಂದು; ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಅದನ್ನು ‘ಜಾಬ್’ ಎನ್ನುತ್ತಾರೆ. ಒಂದೇ ಬಗೆಯದನ್ನು ಒಂದಷ್ಟು ಒಟ್ಟಿಗೆ ಮಾಡಿ ಇಳಿಸುವುದು ಎರಡನೆಯದು. ಕಾರ್ಖಾನೆಯವರ ಬಾಯಲ್ಲಿ ‘ಬ್ಯಾಚ್’ ಅಥವಾ ‘ಲಾಟ್’, ನಮ್ಮ ಅಡುಗೆಮನೆಯಲ್ಲಿ ಎಂದಿನಿಂದಲೋ ‘ಒಬ್ಬೆ’. ಒಂದೇ ಸರಕನ್ನು ನಿಲ್ಲಿಸದೆ ಹರಿಸುತ್ತಲೇ ಇರುವುದು ಮೂರನೆಯದು. ಸಿಮೆಂಟು, ಸಕ್ಕರೆ, ಪೆಟ್ರೋಲು, ಕಾರು ಎಲ್ಲವೂ ಈ ಮೂರರಲ್ಲಿ ಒಂದು ದಾರಿಯಲ್ಲೋ, ಎರಡರ ಬೆರಕೆಯಲ್ಲೋ ಹುಟ್ಟುತ್ತವೆ.

ಯಾವ ಸರಕಿಗೆ ಯಾವ ದಾರಿ ಎಂದು ಉದ್ಯಮದವರು ಹೇಗೆ ತೀರ್ಮಾನಿಸುತ್ತಾರೆ? ಯಂತ್ರ ಎಷ್ಟು ಜೋರಾಗಿ ಓಡುತ್ತದೆ ಎಂಬುದನ್ನು ನೋಡಿಯೇ ಇರಬೇಕೆಂದು ಹೊರಗಿನವರಿಗೆ ತೋರುತ್ತದೆ. ಭಟ್ಟರ ಉತ್ತರದಲ್ಲಿ ಬೇರೆಯದೇ ಸುಳಿವಿದೆ. ಅವರು ಈರುಳ್ಳಿ ದೋಸೆಯನ್ನು ಮುಂದಕ್ಕೆ ಹಾಕಿದ್ದು ಅದು ಬೇಯಲು ತಡವೆಂದಲ್ಲ. ಮಸಾಲೆಯಿಂದ ಈರುಳ್ಳಿಗೆ ಕೈ ಬದಲಿಸಿದರೆ ಕಾವಲಿಯ ಲಯವೇ ತಪ್ಪುತ್ತದೆಂದು. ಒಂದರಿಂದ ಇನ್ನೊಂದಕ್ಕೆ ಬದಲಾಗಲು ಎಷ್ಟು ಖರ್ಚು? ತಯಾರಿಕೆಯ ವಿಧಾನವನ್ನು ಆರಿಸುವ ವಿದ್ಯೆಯೆಲ್ಲ ಬಹುಮಟ್ಟಿಗೆ ಈ ಒಂದು ಪ್ರಶ್ನೆಯ ಸುತ್ತ ಸುತ್ತುತ್ತದೆ.

‘ಕ್ವಾಂಟಿಟಿ ಎಷ್ಟು ಸಾರ್?’

ಪೀಣ್ಯದ ಯಾವುದಾದರೂ ಶೆಡ್ಡಿಗೆ ಒಂದು ಬಿಡಿಭಾಗದ ಡ್ರಾಯಿಂಗ್ ಹಿಡಿದುಕೊಂಡು ಹೋಗಿ. ಮಾಲೀಕರು ಕನ್ನಡಕ ಏರಿಸಿ ಅಳತೆಗಳ ಮೇಲೆ ಕಣ್ಣಾಡಿಸುತ್ತಾರೆ. ದರ ಹೇಳುವ ಮೊದಲು ಬರುವ ಪ್ರಶ್ನೆ: “ಕ್ವಾಂಟಿಟಿ ಎಷ್ಟು ಸಾರ್?”

ಒಂದು ಅಲ್ಯೂಮಿನಿಯಂ ಬ್ರಾಕೆಟ್ ಬೇಕೆಂದುಕೊಳ್ಳಿ. ಗಟ್ಟಿ ಲೋಹದ ತುಂಡನ್ನು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಕ್ಕೆ ಕಚ್ಚಿಸಿ ಕೊರೆದು ತೆಗೆಯಬಹುದು. ಬೆಳಗಾವಿಯ ಫೌಂಡ್ರಿಗಳಲ್ಲಿ ಮಾಡುವ ಹಾಗೆ ಪ್ಯಾಟರ್ನ್ ಮಾಡಿಸಿ, ಮರಳಿನಲ್ಲಿ ಅದರ ಗುರುತು ಒತ್ತಿ, ಕರಗಿದ ಲೋಹ ಹುಯ್ಯಬಹುದು. ಉಕ್ಕಿನ ಡೈ ಮಾಡಿಸಿ, ಲೋಹವನ್ನು ಒತ್ತಡದಲ್ಲಿ ಅದರೊಳಕ್ಕೆ ನುಗ್ಗಿಸಿ ಎರಕ ತೆಗೆಯುವುದು ಇನ್ನೊಂದು ದಾರಿ. ಮೂರರಲ್ಲಿಯೂ ಕೈಗೆ ಬರುವುದು ಬ್ರಾಕೆಟ್ಟೇ. ಲೆಕ್ಕ ಮಾತ್ರ ಬೇರೆ ಬೇರೆ.

ಲೆಕ್ಕದ ಅನುಕೂಲಕ್ಕೆ ಸಂಖ್ಯೆಗಳನ್ನು ಕಲ್ಪಿಸಿಕೊಳ್ಳೋಣ. ಕೊರೆದು ತೆಗೆದರೆ ಒಂದಕ್ಕೆ 400 ರೂಪಾಯಿ, ಡೈ ಖರ್ಚಿಲ್ಲ. ಎರಕ ತೆಗೆದರೆ ಒಂದಕ್ಕೆ 100 ರೂಪಾಯಿಯೇ, ಆದರೆ ಮೊದಲೇ ಡೈಗೆ 6 ಲಕ್ಷ ಹಾಕಬೇಕು. ಗಿರಾಕಿಗೆ 500 ಬ್ರಾಕೆಟ್ ಸಾಕಾದರೆ ಕೊರೆಯುವುದಕ್ಕೆ 2 ಲಕ್ಷ, ಎರಕಕ್ಕೆ ಆರೂವರೆ ಲಕ್ಷ. 10,000 ಬೇಕಾದರೆ ಕೊರೆಯುವುದಕ್ಕೆ 40 ಲಕ್ಷ, ಎರಕಕ್ಕೆ 16 ಲಕ್ಷ. ಎರಡೂ ಸಮವಾಗುವುದು 2,000ದ ಬಳಿ. ಆ ಗೆರೆಯ ಈಚೆಗೆ ಒಂದು ವಿಧಾನ ಜಾಣತನ, ಆಚೆಗೆ ಅದೇ ದಡ್ಡತನ. ಕ್ವಾಂಟಿಟಿ ತಿಳಿಯದೆ ದರ ಹೇಳಲಾಗದು ಎಂದು ಮಾಲೀಕರು ಹೇಳುವುದು ಇದಕ್ಕೇ.

ಲೆಕ್ಕ ಇಲ್ಲಿಗೇ ಮುಗಿದಿದ್ದರೆ ಕಾರ್ಖಾನೆ ನಡೆಸಲು ಕ್ಯಾಲ್ಕುಲೇಟರ್ ಸಾಕಿತ್ತು. 10,000 ಎಂದು ಹೇಳಿದ ಗಿರಾಕಿ 800ಕ್ಕೇ ಆರ್ಡರ್ ನಿಲ್ಲಿಸಿದರೆ? ಆರು ತಿಂಗಳಿಗೆ ಡ್ರಾಯಿಂಗಿನಲ್ಲಿ ಒಂದು ತೂತು ಅತ್ತಿತ್ತ ಸರಿದರೆ? ಸಿಎನ್‌ಸಿಯಲ್ಲಿ ಪ್ರೋಗ್ರಾಮ್ ತಿದ್ದಿ, ಹಿಡಿಕೆ ಹೊಂದಿಸಿಕೊಂಡರೆ ಕೆಲಸ ನಡೆಯುತ್ತದೆ. ಆರು ಲಕ್ಷದ ಡೈಯನ್ನು ತಿದ್ದಲಾಗದಿದ್ದರೆ ಅದು ಗುಜರಿ. ಡೈ ಎಂದರೆ ‘ಇದು ಬದಲಾಗುವುದಿಲ್ಲ’ ಎಂದು ಕಟ್ಟಿದ ಪಂದ್ಯ. ಹೊಸ ಸರಕಿನ ಮಾದರಿಗಳನ್ನು ಮೊದಲು ಕೊರೆದೋ 3ಡಿ ಪ್ರಿಂಟ್ ಮಾಡಿಯೋ ನೋಡಿ, ಆಕಾರ ಗಟ್ಟಿಯಾದ ಮೇಲೆ ಡೈಗೆ ಕೈ ಹಾಕುವುದು ಈ ಭಯದಿಂದಲೇ.

ಒಂದೇ ಕಾರು, ಒಂದೇ ಬಣ್ಣ

ಆ ಪಂದ್ಯವನ್ನು ಜಗತ್ತಿನಲ್ಲೇ ದೊಡ್ಡದಾಗಿ ಕಟ್ಟಿದವರು ಹೆನ್ರಿ ಫೋರ್ಡ್. 1908ರಲ್ಲಿ ಮಾಡೆಲ್ ಟಿ ಕಾರು ಮಾರುಕಟ್ಟೆಗೆ ಬಂದಾಗ ಬೆಲೆ 850 ಡಾಲರಿನ ಆಸುಪಾಸು. ಒಂದೇ ಜಾಗದಲ್ಲಿ ನಿಂತ ಕಾರಿನ ಸುತ್ತ ಕೆಲಸಗಾರರು ಓಡಾಡಿ ಜೋಡಿಸುತ್ತಿದ್ದ ಕಾಲ ಅದು. 1913ರಲ್ಲಿ ಡೆಟ್ರಾಯಿಟ್ ಬಳಿಯ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಇದನ್ನು ತಿರುಗು ಮುರುಗು ಮಾಡಿದರು. ಕೆಲಸಗಾರ ನಿಂತಲ್ಲೇ ನಿಂತ, ಕಾರು ಅವನ ಮುಂದೆ ಹಾದುಹೋಯಿತು. ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚಾಸಿ ಜೋಡಣೆ 93 ನಿಮಿಷಕ್ಕೆ ಇಳಿಯಿತು. ಮುಂದಿನ ವರ್ಷಗಳಲ್ಲಿ ಬೆಲೆ 300 ಡಾಲರಿಗಿಂತ ಕೆಳಗೆ ಬಂತು.

ಈ ವಿಧಾನದ ಬೆಲೆಯನ್ನು ಮೊದಲು ತೆತ್ತವರು ಕೆಲಸಗಾರರು. ದಿನವಿಡೀ ಒಂದೇ ಬೋಲ್ಟು ತಿರುಗಿಸುವ ಕೆಲಸಕ್ಕೆ ಜನ ನಿಲ್ಲಲಿಲ್ಲ. ಬಿಟ್ಟು ಹೋಗುವವರ ಜಾಗಕ್ಕೆ ಹೊಸಬರನ್ನು ತುಂಬಿ ತುಂಬಿ ಸೋತ ಕಂಪನಿ 1914ರ ಜನವರಿಯಲ್ಲಿ ದಿನಕ್ಕೆ 5 ಡಾಲರ್ ಎಂದು ಘೋಷಿಸಿತು. ಹಿಂದಿನ ಕೂಲಿಯ ದುಪ್ಪಟ್ಟು. ಅದನ್ನು ಔದಾರ್ಯವೆಂದು ಹೊಗಳಿದವರಿದ್ದಾರೆ. ಲೈನ್ ನಿಲ್ಲದೆ ಓಡಬೇಕಾದರೆ ತೆರಬೇಕಾದ ಖರ್ಚು ಎಂದು ನೋಡಿದರೆ ಹೆಚ್ಚು ಅರ್ಥವಾಗುತ್ತದೆ.

ಎರಡನೆಯ ಬೆಲೆಯನ್ನು ಫೋರ್ಡರೇ ತೆತ್ತರು. ಒಂದೇ ಕಾರಿಗೆಂದು ಹೊಂದಿಸಿದ ಯಂತ್ರಗಳು ಇನ್ನೊಂದನ್ನು ಮಾಡಲಾರವು. 1914ರಿಂದ 1925ರವರೆಗೆ ಕಾರಿನ ಬಣ್ಣ ಕೂಡ ಕಪ್ಪು ಒಂದೇ. ಅಷ್ಟರಲ್ಲಿ ಅಮೆರಿಕದವರು ಮೊದಲ ಕಾರು ಕೊಂಡಾಗಿತ್ತು. ಎರಡನೆಯದು ಬೇರೆ ಥರದ್ದಿರಲಿ ಎಂಬ ಆಸೆ ಹುಟ್ಟಿತ್ತು. ಜನರಲ್ ಮೋಟಾರ್ಸ್ ಬಣ್ಣ ಬಣ್ಣದ, ದರ್ಜೆ ದರ್ಜೆಯ ಕಾರು ಹಿಡಿದು ಕಾದು ಕುಳಿತಿತ್ತು. ಒಂದೂವರೆ ಕೋಟಿ ಮಾಡೆಲ್ ಟಿ ಮಾಡಿದ ಮೇಲೆ, 1927ರ ಮೇ ತಿಂಗಳಲ್ಲಿ ಫೋರ್ಡ್ ಅದನ್ನು ನಿಲ್ಲಿಸಿದರು. ಹೊಸ ಮಾಡೆಲ್ ಎ ಜನರ ಮುಂದೆ ಬಂದದ್ದು ಡಿಸೆಂಬರಿನಲ್ಲಿ. ನಡುವೆ ತಿಂಗಳುಗಟ್ಟಲೆ ಕಾರ್ಖಾನೆಗಳು ಮೌನ. ಜಗತ್ತಿನಲ್ಲೇ ವೇಗವಾಗಿ ಕಾರು ಮಾಡುತ್ತಿದ್ದ ಕಂಪನಿಗೆ ಒಂದು ಕಾರಿನಿಂದ ಇನ್ನೊಂದಕ್ಕೆ ಬದಲಾಗಲು ಅರ್ಧ ವರ್ಷ ಬೇಕಾಯಿತು.

ನಾಲ್ಕು ಗಂಟೆಯಿಂದ ಮೂರು ನಿಮಿಷಕ್ಕೆ

ಎರಡನೆಯ ಮಹಾಯುದ್ಧದ ನಂತರದ ಜಪಾನಿನಲ್ಲಿ ಟೊಯೊಟಾ ಎದುರಿಗಿದ್ದ ಕಷ್ಟ ತದ್ವಿರುದ್ಧ. ಮಾರುಕಟ್ಟೆ ಚಿಕ್ಕದು, ದುಡ್ಡು ಕಡಿಮೆ, ಬೇಕಾದ ವಾಹನಗಳ ಬಗೆ ಮಾತ್ರ ಹಲವು. ಫೋರ್ಡಿನಂತೆ ಒಂದೊಂದು ಭಾಗಕ್ಕೂ ಒಂದೊಂದು ಪ್ರೆಸ್ ಇಡಲು ಶಕ್ತಿಯಿಲ್ಲ. ಒಂದೇ ಪ್ರೆಸ್ಸಿನಲ್ಲಿ ಡೈ ಬದಲಿಸಿ ಬದಲಿಸಿ ಬಾಗಿಲು, ಬಾನೆಟ್ಟು ಎಲ್ಲವನ್ನೂ ಒತ್ತಬೇಕು. ಬದಲಿಸಲು ಗಂಟೆಗಟ್ಟಲೆ ಹಿಡಿದರೆ, ಹಾಕಿದ ಡೈಯಲ್ಲೇ ಸಾವಿರಾರು ಭಾಗ ಒತ್ತಿ ಗೋದಾಮು ತುಂಬಿಸಬೇಕು. ತುಂಬಿದ ಗೋದಾಮೆಂದರೆ ಕೈ ಕಟ್ಟಿ ಕುಳಿತ ಬಂಡವಾಳ. ಟೊಯೊಟಾದ ತಯಾರಿಕಾ ಪದ್ಧತಿ ಕಟ್ಟಿದ ತೈಚಿ ಓನೊ ಅವರ ಕಣ್ಣಿಗೆ ಅದು ನೇರ ದುಂದು.

1969ರಲ್ಲಿ ಅಲ್ಲಿನ 1,000 ಟನ್ನಿನ ಪ್ರೆಸ್ಸೊಂದರ ಡೈ ಬದಲಿಸಲು ನಾಲ್ಕು ಗಂಟೆ ಹಿಡಿಯುತ್ತಿತ್ತು. ಎಂಜಿನಿಯರ್ ಶಿಗಿಯೊ ಶಿಂಗೊ ಮತ್ತು ಅಲ್ಲಿನ ಕೆಲಸಗಾರರು ಮೊದಲು ಅದನ್ನು ಒಂದೂವರೆ ಗಂಟೆಗೆ, ಬಳಿಕ ಮೂರು ನಿಮಿಷಕ್ಕೆ ಇಳಿಸಿದರು. ಹೊಸ ಯಂತ್ರವೇನೂ ಬರಲಿಲ್ಲ. ಯಂತ್ರ ನಿಲ್ಲಿಸಿಯೇ ಮಾಡಬೇಕಾದ ಕೆಲಸ ಯಾವುದು, ಅದು ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದ್ದು ಯಾವುದು ಎಂದು ಬೇರೆ ಮಾಡಿದರು. ಮುಂದಿನ ಡೈಯನ್ನು ಮೊದಲೇ ತಂದು ಪಕ್ಕದಲ್ಲಿಡುವುದು, ಅಳತೆ ಹೊಂದಿಸಿಡುವುದು, ಹತ್ತು ಸುತ್ತು ತಿರುಗಿಸಬೇಕಾದ ಬೋಲ್ಟಿನ ಬದಲು ಒಂದೇ ತಿರುವಿಗೆ ಕಚ್ಚುವ ಬಿಗಿಪು ಹಾಕುವುದು. ದೋಸೆ ಭಟ್ಟರು ಈರುಳ್ಳಿ ಹೆಚ್ಚಿ ಕೈಗೆಟುಕುವಲ್ಲಿ ಇಟ್ಟುಕೊಂಡು, ಮಸಾಲೆ ಬೇಯುತ್ತಿರುವಾಗಲೇ ಮುಂದಿನ ಕಾವಲಿಯ ತಯಾರಿ ಮುಗಿಸುವುದಕ್ಕೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ.

ಬದಲಾಯಿಸುವ ಖರ್ಚು ಕರಗಿದ ಮೇಲೆ ಒಬ್ಬೆಯನ್ನು ಎಷ್ಟು ಬೇಕಾದರೂ ಚಿಕ್ಕದು ಮಾಡಬಹುದು. ಸಂಖ್ಯೆಯೋ ವೈವಿಧ್ಯವೋ ಎಂಬ ಹಳೆಯ ಜಗಳ ಅಲ್ಲಿಗೆ ಬಹಳಷ್ಟು ಸಡಿಲವಾಯಿತು. ಟೊಯೊಟಾ 1997ರಲ್ಲಿ ಕಿರ್ಲೋಸ್ಕರ್ ಜೊತೆ ಸೇರಿ ಬೆಂಗಳೂರಿನ ಬಳಿಯ ಬಿಡದಿಗೆ ಬಂದಾಗ ಈ ಪದ್ಧತಿಯೂ ಅದರ ಜೊತೆಗೇ ಬಂತು.

ಎರಡು ಸೀರೆಗಳ ಕಥೆ

ಕಾರು, ಪ್ರೆಸ್ಸು ದೂರದ ಮಾತಾಯಿತೆನ್ನುವವರು ಮನೆಯ ಬೀರು ತೆರೆಯಬಹುದು. ಕನ್ನಡ ನಾಡಿನ ಎರಡು ಹೆಸರಾಂತ ಸೀರೆಗಳು ಈ ಆಯ್ಕೆಯ ಎರಡು ತುದಿಗಳಲ್ಲಿ ನಿಂತಿವೆ.

ಇಳಕಲ್ ಸೀರೆಯ ಸೆರಗು ಮೈಗೆ ಸೇರುವಲ್ಲಿ ಬಟ್ಟೆಯನ್ನು ತಿರುವಿ, ಬೆಳಕಿಗೆ ಹಿಡಿದು ನೋಡಿ. ಮೈಯ ಎಳೆಗಳು ಅಲ್ಲಿಗೆ ಮುಗಿದು, ಸೆರಗಿನ ಕೆಂಪು ಎಳೆಗಳು ಅಲ್ಲಿಂದ ಶುರುವಾಗುತ್ತವೆ. ಒಂದರ ಕುಣಿಕೆಯೊಳಗೆ ಇನ್ನೊಂದನ್ನು ಸಿಕ್ಕಿಸಿದ ಸಣ್ಣ ಕೊಂಡಿಗಳ ಸಾಲು ಕಾಣುತ್ತದೆ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮಗ್ಗಕ್ಕೆ ಏರುವ ಮೊದಲು ಎರಡನ್ನೂ ಎಳೆಗೆ ಎಳೆ ಕೂಡಿಸಬೇಕು. ಆಮೇಲೆ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ನೇಯ್ಗೆ. ಸೆರಗಿನಲ್ಲಿ ಜೋಳದ ತೆನಿ, ಹಣಿಗೆ. ಅಂಚಿನಲ್ಲಿ ಗೋಮಿ, ಚಿಕ್ಕಿ ಪರಾಸು, ಗಾಡಿ ದಡಿ.

ಉತ್ಪಾದನೆಯ ಕಣ್ಣಿನಿಂದ ನೋಡಿದರೆ ಇದರರ್ಥ ಏನು? ಸಾಮಾನ್ಯ ಬಟ್ಟೆಗೆ ಒಮ್ಮೆ ಉದ್ದನೆಯ ಹಾಸು ಹೂಡಿದರೆ ಸೀರೆಯ ಹಿಂದೆ ಸೀರೆ ಇಳಿಯುತ್ತಲೇ ಇರುತ್ತದೆ. ಹೂಡುವ ಖರ್ಚು ಎಲ್ಲಕ್ಕೂ ಹಂಚಿಹೋಗುತ್ತದೆ. ಇಳಕಲ್ಲಿನಲ್ಲಿ ಆ ಖರ್ಚು ಪ್ರತಿ ಸೀರೆಗೂ ಹೊಸದಾಗಿ ಹುಟ್ಟುತ್ತದೆ, ಯಾಕೆಂದರೆ ಕೊಂಡಿ ಪ್ರತಿ ಸೀರೆಗೂ ಬೇಕು. ಇಲ್ಲಿ ಬದಲಾಯಿಸುವ ಶ್ರಮವೇ ಸರಕಿನ ಅಂದ. ಅದನ್ನು ಉಳಿಸಹೊರಟರೆ ಇಳಕಲ್ ಸೀರೆಯೇ ಉಳಿಯುವುದಿಲ್ಲ. ಪವರ್‌ಲೂಮಿನವರು ಮಾಡುವುದು ಅದನ್ನೇ. ಒಂದೇ ಹಾಸಿನಲ್ಲಿ ಉದ್ದಕ್ಕೂ ನೇಯ್ದು, ಸೆರಗಿನ ಜಾಗ ಬಂದಾಗ ಹೊಕ್ಕಿನ ಬಣ್ಣ ಬದಲಿಸಿ ಇಳಕಲ್ಲಿನ ಚಹರೆ ತರುತ್ತಾರೆ. ಅಗ್ಗ, ಬೇಗ, ಕೊಂಡಿ ಮಾತ್ರ ಇರುವುದಿಲ್ಲ. ಕೈಮಗ್ಗಕ್ಕೆ ಕೆಲವು ಬಟ್ಟೆಗಳನ್ನು ಮೀಸಲಿಟ್ಟ 1985ರ ಕಾಯ್ದೆ ಪುಸ್ತಕದಲ್ಲಿದೆ. ಸಂತೆಯಲ್ಲಿ ಅದನ್ನು ಓದಿ ಸೀರೆ ಕೊಳ್ಳುವವರು ಯಾರು?

ಇನ್ನು ಮೈಸೂರು ಸಿಲ್ಕ್. ಅಜ್ಜಿಯ ಪೆಟ್ಟಿಗೆಯಿಂದ ಮೊಮ್ಮಗಳಿಗೆ ಬರುವ, ಹೆಸರಿನಲ್ಲೇ ಪರಂಪರೆ ಹೊತ್ತ ಈ ಸೀರೆಯೂ ಕೈಮಗ್ಗದ್ದೇ ಎಂದು ಎಷ್ಟೋ ಜನ ನಂಬಿದ್ದಾರೆ. ಆದರೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಗೆ ಸ್ವಿಟ್ಜರ್ಲೆಂಡಿನಿಂದ ಪವರ್‌ಲೂಮ್ ತರಿಸಲಾಗಿತ್ತು. ಶಿವನಸಮುದ್ರದಲ್ಲಿ 1902ರಲ್ಲೇ ಜಲವಿದ್ಯುತ್ ಹುಟ್ಟಿದ್ದ ಸಂಸ್ಥಾನಕ್ಕೆ ಕರೆಂಟಿನ ಮಗ್ಗ ಕೈಗೆಟುಕುವ ಮಾತಾಗಿತ್ತು. 1980ರಿಂದ ಕಾರ್ಖಾನೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ.

ಸೀರೆಯ ಸ್ವಭಾವವೂ ಯಂತ್ರಕ್ಕೆ ಒಗ್ಗುವಂಥದ್ದೇ: ನುಣುಪಾದ ಕ್ರೇಪ್ ಮೈ, ಬಹುಪಾಲು ಒಂದೇ ಬಣ್ಣ, ಜರಿಯ ಅಂಚು. ಅದರಲ್ಲೊಂದು ಜಾಣ್ಮೆ ಅಡಗಿದೆ. ಬಟ್ಟೆಯನ್ನು ಮೊದಲು ಬಣ್ಣವಿಲ್ಲದೆ ನೇಯ್ದು, ಅಂಟು ತೆಗೆದು, ಆಮೇಲೆ ಬಣ್ಣಕ್ಕೆ ಅದ್ದುತ್ತಾರೆ. ಮಗ್ಗದ ಮೇಲೆ ಒಂದೇ ಬಗೆಯ ಬಟ್ಟೆ ಮತ್ತೆ ಮತ್ತೆ ಇಳಿಯುತ್ತದೆ. ಅರಿಶಿನವೋ, ಗಿಳಿಹಸಿರೋ, ನೇರಳೆಯೋ ಎಂಬ ತೀರ್ಮಾನ ಕೊನೆಯ ಹಂತಕ್ಕೆ. ವೈವಿಧ್ಯವನ್ನು ಆದಷ್ಟು ಹಿಂದಕ್ಕೆ ತಳ್ಳಿ ಎಂದು ಮ್ಯಾನೇಜ್‌ಮೆಂಟ್ ಪಾಠಗಳು ಇಂದು ಹೇಳುವುದೂ ಇದನ್ನೇ. ದರ್ಶಿನಿಯಲ್ಲಿ ಖಾಲಿ ದೋಸೆ, ಮಸಾಲೆ ದೋಸೆ ಎರಡೂ ಒಂದೇ ಹಿಟ್ಟಿನಿಂದ ಏಳುವ ಹಾಗೆ.

ಕೈಯದು ಶ್ರೇಷ್ಠ, ಯಂತ್ರದ್ದು ಕನಿಷ್ಠ ಎಂಬ ತಕ್ಕಡಿಯಲ್ಲಿ ಈ ಎರಡು ಸೀರೆಗಳನ್ನು ತೂಗಿದರೆ ಎರಡಕ್ಕೂ ಅನ್ಯಾಯ. ಪ್ರತಿ ಸೀರೆಗೂ ಹೊಸ ಹೂಡಿಕೆ ಬೇಡುವ ಬಟ್ಟೆ ಕೈಮಗ್ಗ ಹಿಡಿಯಿತು, ಒಂದೇ ಹೂಡಿಕೆಯಲ್ಲಿ ಸಾಗುವ ಬಟ್ಟೆ ಕರೆಂಟಿನ ಮಗ್ಗ ಹಿಡಿಯಿತು. ಎರಡೂ ಸರಿಯಾದ ಆಯ್ಕೆಗಳೇ. ಒಂದರ ವಿಧಾನದಲ್ಲಿ ಮಾಡಿದ್ದನ್ನು ಇನ್ನೊಂದರ ಹೆಸರಿನಲ್ಲಿ ಮಾರುವುದಷ್ಟೇ ಮೋಸ.

ನೆಲದ ಮಾತು, ಕಾನೂನಿನ ಮಾತು

ಲೆಕ್ಕವೊಂದೇ ವಿಧಾನವನ್ನು ಗೊತ್ತು ಮಾಡುವುದೂ ಇಲ್ಲ. ಕೆಲವು ಸಲ ನೆಲವೇ ಅಪ್ಪಣೆ ಕೊಡುತ್ತದೆ. ಕಬ್ಬಿಣ ಕರಗಿಸಲು ಲೋಕದ ಬಹುಪಾಲು ಕಲ್ಲಿದ್ದಲಿನ ಕೋಕ್ ಬಳಸುತ್ತಿದ್ದ ಕಾಲದಲ್ಲಿ, ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದ್ದು ಮರದ ಇದ್ದಿಲಿನಿಂದ. ಅದಿರು ಕೆಮ್ಮಣ್ಣುಗುಂಡಿಯಲ್ಲಿತ್ತು, ಕಲ್ಲಿದ್ದಲು ಹತ್ತಿರದಲ್ಲೆಲ್ಲೂ ಇರಲಿಲ್ಲ, ಸುತ್ತ ಮಲೆನಾಡಿನ ಕಾಡಿತ್ತು. ಮರ ಸುಟ್ಟು ಇದ್ದಿಲು ಮಾಡುವಾಗ ಹೊರಬರುವ ಉಪಉತ್ಪನ್ನಗಳನ್ನು ಹಿಡಿದಿಡಲು ಬಟ್ಟಿ ಇಳಿಸುವ ಘಟಕವನ್ನೂ ಕಟ್ಟಿದರು. ಸೊರಗಿದ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದ್ದು ಸರ್ ಎಂ. ವಿಶ್ವೇಶ್ವರಯ್ಯ. ಮುಂದೆ ಜೋಗದ ವಿದ್ಯುತ್ತು ಹರಿದು ಬಂದಾಗ, 1950ರ ದಶಕದಲ್ಲಿ, ಕರೆಂಟಿನ ಕುಲುಮೆಗಳು ಬಂದವು. ಕಾಡಿದ್ದಾಗ ಇದ್ದಿಲು, ಜಲಪಾತ ಪಳಗಿದಾಗ ವಿದ್ಯುತ್ತು: ಊರು ಏನು ಕೊಟ್ಟಿತೋ ಅದು ವಿಧಾನವಾಯಿತು. ನೆಲ ಕೊಟ್ಟ ಉತ್ತರ ಶಾಶ್ವತವೂ ಅಲ್ಲ. ಅದೇ ಕಾರ್ಖಾನೆಗೆ ನೂರು ತುಂಬುವ ಹೊತ್ತಿಗೆ, 2023ರಲ್ಲಿ, ಅದನ್ನು ಮುಚ್ಚುವ ಮಾತನ್ನು ಅದರ ಒಡೆತನದ ಸರ್ಕಾರಿ ಉಕ್ಕು ಕಂಪನಿ ಸೈಲ್ ಆಡಿತು. ಭದ್ರಾವತಿಯ ಕಾರ್ಮಿಕರು ಬೀದಿಗಿಳಿದರು.

ಮತ್ತೆ ಕೆಲವು ಸಲ ಕಾನೂನಿನ ಒಂದು ಸಾಲು ಸಾಕು. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಭಾರತೀಯ ಮಾನಕ ಸಂಸ್ಥೆಯ ಪ್ರಮಾಣಪತ್ರ ಪಡೆದು ರಾಷ್ಟ್ರಧ್ವಜ ತಯಾರಿಸುತ್ತದೆ. ನೂಲು ಕೈಯಿಂದ, ನೇಯ್ಗೆ ಕೈಯಿಂದ. ಬಳಿಕ ಬಣ್ಣ, ಎರಡೂ ಬದಿಗೆ ತಾಳೆಯಾಗುವ ಇಪ್ಪತ್ತನಾಲ್ಕು ಅರಗಳ ಚಕ್ರದ ಅಚ್ಚು, ಹೊಲಿಗೆ, ಹಗ್ಗ. ಇಂಚಿನ ಲೆಕ್ಕದ ಮೇಜಿನ ಬಾವುಟದಿಂದ 21 ಅಡಿ ಉದ್ದ, 14 ಅಡಿ ಅಗಲದ ಮಹಾಧ್ವಜದವರೆಗೆ ಒಂಬತ್ತು ಅಳತೆ. ಎಲ್ಲದರಲ್ಲೂ 3:2ರ ಪ್ರಮಾಣ ತಪ್ಪುವಂತಿಲ್ಲ. ಈ ಕೆಲಸದಲ್ಲಿ ತೊಡಗಿದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

ಈ ನಿಧಾನದ ವಿಧಾನವನ್ನು ಕಾಪಾಡಿದ್ದು ಧ್ವಜ ಸಂಹಿತೆ. ಬಾವುಟ ಕೈನೂಲಿನ, ಕೈಮಗ್ಗದ ಖಾದಿಯದೇ ಆಗಿರಬೇಕೆಂದು ಅದು ಹೇಳುತ್ತಿತ್ತು. 2021ರ ಡಿಸೆಂಬರ್ 30ರ ತಿದ್ದುಪಡಿ ಯಂತ್ರದಲ್ಲಿ ಮಾಡಿದ ಬಾವುಟಕ್ಕೂ ಪಾಲಿಯೆಸ್ಟರಿಗೂ ಒಪ್ಪಿಗೆ ಕೊಟ್ಟಿತು. ಮರುವರ್ಷ ಸ್ವಾತಂತ್ರ್ಯದ ಅಮೃತ ಮಹೋತ್ಸವಕ್ಕೆ 20 ಕೋಟಿ ಮನೆಗಳ ಮೇಲೆ ಬಾವುಟ ಹಾರಿಸುವ ಗುರಿ. ಕೆಲವೇ ವಾರಗಳಲ್ಲಿ ಅಷ್ಟು ಬಾವುಟವನ್ನು ಚರಕ ಕೊಡಲಾರದು ಎಂಬುದು ನಿಜ; ಸಂಖ್ಯೆ ಆ ಮಟ್ಟಕ್ಕೆ ಏರಿದರೆ ಯಂತ್ರವೇ ಗತಿ. ಚರಕದ ನೆನಪಿಗಾಗಿಯೇ ಇರುವ ಬಟ್ಟೆಯನ್ನು ಚರಕದಿಂದ ಬಿಡಿಸಿದರೆ ಉಳಿಯುವುದೇನು ಎಂದು ಕೇಳಿ ಹುಬ್ಬಳ್ಳಿಯ ಸಂಘ ಬಹಿರಂಗವಾಗಿ ವಿರೋಧಿಸಿದ್ದೂ ನ್ಯಾಯವೇ. ಬಾವುಟವನ್ನು ಬಟ್ಟೆಯೆಂದು ಎಣಿಸಿದರೆ ಒಂದು ಉತ್ತರ, ಮಾತೆಂದು ಎಣಿಸಿದರೆ ಇನ್ನೊಂದು. ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಎರಡನೆಯದಕ್ಕೆ ಕಾಲಂ ಇರುವುದಿಲ್ಲ. ಅದನ್ನು ಸಮಾಜವೇ ತೀರ್ಮಾನಿಸಬೇಕು.

ಯಂತ್ರಕ್ಕೆ ಮೊದಲು

ಊರೂರಲ್ಲಿ ಇಂದು ಸಾಲ ಸಿಗುತ್ತದೆ, ಸಬ್ಸಿಡಿ ಸಿಗುತ್ತದೆ. ರೊಟ್ಟಿ ಮಾಡುವ ಯಂತ್ರ, ಶಾವಿಗೆ ಯಂತ್ರ, ಅಡಿಕೆ ಹಾಳೆಯ ತಟ್ಟೆಯ ಯಂತ್ರ ಎಲ್ಲಕ್ಕೂ ಏಜೆಂಟರು ಮನೆ ಬಾಗಿಲಿಗೆ ಬರುತ್ತಾರೆ. ಗಂಟೆಗೆ ಇಷ್ಟು ಸಾವಿರ ಎಂದು ಬಣ್ಣದ ಕಾಗದ ತೋರಿಸುತ್ತಾರೆ. ಪಕ್ಕದ ಊರಿನವರು ಕೊಂಡರೆಂದು ಕೊಂಡು, ಆರು ತಿಂಗಳಲ್ಲಿ ಯಂತ್ರದ ಮೇಲೆ ಗೋಣಿಚೀಲ ಹೊದಿಸಿ, ಬ್ಯಾಂಕಿನ ಕಂತು ಮಾತ್ರ ತಪ್ಪದೆ ಕಟ್ಟುವವರು ಕಡಿಮೆಯೇನಿಲ್ಲ. ಗಂಟೆಗೆ ಸಾವಿರ ರೊಟ್ಟಿ ಮಾಡುವ ಯಂತ್ರಕ್ಕೆ ದಿನಕ್ಕೆ ಇನ್ನೂರು ರೊಟ್ಟಿಯ ಗಿರಾಕಿ ಸಿಕ್ಕರೆ ಅದು ನಡೆಯುವುದು ಹನ್ನೆರಡೇ ನಿಮಿಷ. ಉಳಿದ ಹೊತ್ತು ಓಡುವುದು ಬಡ್ಡಿ.

ಏಜೆಂಟ್ ಬಂದಾಗ ವೇಗದ ಮಾತಿಗೆ ಮೊದಲು ನಿಮ್ಮ ಆರ್ಡರ್ ಪುಸ್ತಕ ತೆರೆಯಿರಿ. ಒಂದೇ ಬಗೆಯದು ಎಷ್ಟು ಬೇಕು, ಎಷ್ಟು ಬಗೆ ಬೇಕು, ಒಂದರಿಂದ ಇನ್ನೊಂದಕ್ಕೆ ಬದಲಾಗಲು ಎಷ್ಟು ಹೊತ್ತು, ಗಿರಾಕಿ ದುಡ್ಡು ಕೊಡುವುದು ಸರಕಿಗೋ ಅದನ್ನು ಮಾಡಿದ ಕೈಗೋ ಎಂದು ಬರೆದುಕೊಳ್ಳಿ. ಉತ್ತರ ಖಚಿತವಾಗದಿದ್ದರೆ ಮೊದಲ ಕೆಲವು ತಿಂಗಳು ಕೈಯಲ್ಲೇ ಮಾಡಿ ನೋಡಿ. ಗಿರಾಕಿಗಳು ಸಾಲುಗಟ್ಟಿ ನಿಂತ ಮೇಲೂ ಯಂತ್ರ ತರಬಹುದು. ತಂದ ಯಂತ್ರವನ್ನು ಕೊಂಡ ಬೆಲೆಗೆ ವಾಪಸು ಪಡೆಯುವವರು ಯಾರೂ ಇಲ್ಲ.